ಹಂದರದ ತೂತುಗಳು

ಮೆಟ್ಟಿಲು ಹತ್ತಿ ಇಳಿದು ಬಸ್ ಕಂಡಕ್ಟರ್ ನೀಲವ್ವನ ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆಯಂತಿದ್ದ ಮೃದ್ವಸ್ಥಿ ಸವೆದುಹೋಗಿತ್ತು. ಹೊಸದನ್ನು ಬೆಳೆಸಲೆಂದು ಪ್ರಯೋಗಾಲಯದವರು, ಜೀವಕೋಶಗಳಿಗೆ ಆಸರೆಯಾಗಿದ್ದು ಆಮೇಲೆ ತಾನಾಗಿ ಕರಗುವ ಒಂದು ಪುಟ್ಟ ಹಂದರ ಹೆಣೆದರು. ಹಂದರಕ್ಕೆ ತನ್ನ ಎಳೆಗಳ ಬಗ್ಗೆ ಹೇಳತೀರದ ಜಂಬ, ಮೈತುಂಬ ಇದ್ದ ತೂತುಗಳ ಬಗ್ಗೆ ಅಷ್ಟೇ ನಾಚಿಕೆ.

ಏನು ಬೇಕಾದರೂ ಆಗಬಲ್ಲ ಒಂದು ಕಾಂಡಕೋಶ ಬಳಗ ಕಟ್ಟಿಕೊಂಡು ಬಂದು, "ಯಜಮಾನರೇ, ಇಳಿದುಕೊಳ್ಳಲು ಜಾಗ ಬೇಕಿತ್ತು," ಎಂದಿತು.

"ಎಳೆಗಳ ಮೇಲೆ ಕೂರಿ. ತೂತುಗಳ ಕಡೆ ನೋಡಬೇಡಿ, ಅವು ಹೆಣೆದವರ ಅಚಾತುರ್ಯ. ನೀಲವ್ವನ ಭಾರ ಹೊರುವವನು ನಾನು."

"ಆಗಲಿ," ಎಂದ ಕೋಶಗಳು ನೇರ ತೂತುಗಳಿಗೇ ಹೋಗಿ ನೆಲೆಸಿ, ಮೃದ್ವಸ್ಥಿಯಾಗಿ ಬೆಳೆದವು. ಮಂಡಿ ಸೇರಿದ ಮೇಲೆ ಹಂದರ ದಿನದಿನಕ್ಕೂ ಕರಗತೊಡಗಿತು. ದುಡಿದು ಸೊರಗುತ್ತಿದ್ದೇನೆಂದು ಅದು ಬೀಗಿತು.

ನೀಲವ್ವ ಮತ್ತೆ ಬಸ್ಸಿನ ಮೆಟ್ಟಿಲು ಹತ್ತಿದ ದಿನ ಹಂದರದಲ್ಲಿ ಉಳಿದಿದ್ದುದು ಒಂದೇ ಎಳೆ.

"ಈಗ ಭಾರ ಹೊತ್ತವರು ಯಾರು?" ಎಂದು ಅದು ಕೇಳಿತು.

"ನಾವು. ನೀವು ಕೊಟ್ಟ ಜಾಗದಲ್ಲಿ ನಿಂತು."

"ಆ ತೂತುಗಳಲ್ಲೇ?"

"ಅಲ್ಲೇ, ಯಜಮಾನರೇ."

ಹಂದರಕ್ಕೆ ನಗು ತಡೆಯಲಾಗಲಿಲ್ಲ. "ಹಾಗಾದರೆ ನನ್ನಲ್ಲಿ ಕೆಲಸಕ್ಕೆ ಬಂದದ್ದು ನಾನು ಇಲ್ಲದ ಜಾಗ ಮಾತ್ರ," ಎನ್ನುತ್ತ ಅದು ಆ ಕೊನೆಯ ಎಳೆಯ ಜಾಗವನ್ನೂ ಖಾಲಿ ಮಾಡಿಕೊಟ್ಟಿತು.