ಹೊಂದಿಸಿ ಬರೀ ಅಂದ ರಾಕ್ಷಸ

ಪಮ್ಮಿ, ಒಂದು ಒಗಟು ಹೇಳ್ತೀನಿ, ಒಡೀ ನೋಡೋಣು. ಗಂಡನ ಗುಣ ಎಲ್ಲಾ ಹೇಳ್ತಾಳ, ಗಂಡನ ಹೆಸರು ಮಾತ್ರ ಹೇಳಂಗಿಲ್ಲ, ಜೀವಮಾನ ಎಲ್ಲಾ ಅವನ ಮಗ್ಗಲದಾಗ ಕೂತಿರತಾಳ. ಯಾರಾಕಿ? ಅವ್ವ ಅಲ್ಲ. ಚಿಗವ್ವನೂ ಅಲ್ಲ. ಬಿಡು, ನಮ್ಮ ಇಂಗ್ಲಿಷ್ ಸರ್‌ಗೇ ಬರಲಿಲ್ಲ. ಆಕಿ ಅರ್ಥ, ಶಬ್ದ ಆಕಿ ಗಂಡ. ಹೆಂಗ ಅಂತೀಯಾ? ನಮ್ಮ ಮುದುಕಿ ಆಯಿ ಹೇಳಿದ ಕತಿ ಕೇಳು, ಕಣ್ಣು ಮುಚಗೊಂಡು.

ಒಂದಾನೊಂದು ಕಾಲದಾಗ, ಕಾಗಿಗೂ ಇಂಗ್ಲಿಷ್ ಬರತಿರಲಿಲ್ಲ ಅನ್ನೋ ಕಾಲದಾಗ, ಒಬ್ಬ ರಾಕ್ಷಸ ಇದ್ದನಂತ. ಅವ ಹಸಿವಿಗೆ ಒಂದು ಹಡಗಿನ ತುಂಬ ಇಂಗ್ಲಿಷ್ ಪುಸ್ತಕ ನುಂಗಿದನಂತ. ಆಮ್ಯಾಲೆ ಹೊಟ್ಟಿಯೊಳಗ ಶಬ್ದ ಬ್ಯಾರೆ ಅರ್ಥ ಬ್ಯಾರೆ ಆಗಿ ಗುಡುಗುಡು ಅಂತ ಹೊಟ್ಟಿನೋವು ಹತ್ತಿ, ಎಲ್ಲಾ ಕಕ್ಕಿದನಂತ. ಶಬ್ದ ಎಲ್ಲಾ ಗಂಡಸರಾಗಿ, ಅರ್ಥ ಎಲ್ಲಾ ಹೆಂಗಸರಾಗಿ ಹೊರಗ ಬಂದ್ರು. ಉಳಿದವರು ಹೆಂಗೋ ಜೋಡಿ ಆದ್ರು, ಮೂರು ಜೋಡಿ ಮಾತ್ರ ಹೊಂದವಲ್ವು, ಹೊಟ್ಟಿನೋವೂ ನಿಂದರವಲ್ದು.

ಅಷ್ಟರಾಗ ಚನಮಲ್ಲ ಅನ್ನಾವ ತನ್ನ ಅವ್ವನ ಕಣ್ಣಿಗೆ ಔಷಧದ ಸೊಪ್ಪು ತರಾಕ ರಾಕ್ಷಸನ ತ್ವಾಟಕ್ಕ ಬಂದನಂತ. ರಾಕ್ಷಸ ಹಿಡದು, ಸೊಪ್ಪು ಬೇಕಂದ್ರ ಇವರನ್ನ ಹೊಂದಿಸು, ತಪ್ಪಿದ್ರ ಕಲ್ಲಗಂಬ ಆಗ್ತಿ, ಹೊತ್ತು ಮುಳುಗೂದ್ರಾಗ ಯಾರೂ ಹೊಂದಿಸಲಿಲ್ಲಂದ್ರ ಕಡೀತನಕ ಕಂಬನ ಅಂದ. ಚನಮಲ್ಲ ಏನು ಮಾಡಿದ? ನೀನು ಪರೀಕ್ಷೆದಾಗ ಮಾಡೂದನ್ನ ಮಾಡಿದ! ಉದ್ದನ ಶಬ್ದಕ್ಕ ಉದ್ದನಾಕಿ, ಗಿಡ್ಡಂದಕ್ಕ ಗಿಡ್ಡಾಕಿ. ಕಂಬ ಆದ.

ಸುದ್ದಿ ಕೇಳಿ ಅವನ ಹೆಂಡತಿ ಶಾವಂತ್ರೆವ್ವ ಓಡಿ ಬಂದಳಂತ. ಹೊತ್ತು ಗುಡ್ಡದ ಮ್ಯಾಲಿತ್ತು. ಯಾರವ್ವಾ ನಿನ್ನ ಗಂಡ ಅಂದ್ರ ಆ ಹೆಂಗಸರು ಬಾಯಿಗೆ ಸೆರಗು ಹಚಗೊಂಡು ತಲಿ ಬಾಗಿಸಿದ್ರಂತ.

ಇದನೇನು ಕೇಳ್ತೀ, ನಾನೂ ಬೆಳಗಿಂದ ಒದರಾಕತ್ತೀನಿ ಅಂದ ರಾಕ್ಷಸ.

ಏ ಮಾಮಾ, ಗಂಡನ ಹೆಸರು ಯಾರರ ಹಂಗ ಬರೀ ಬಾಯಿಲೆ ಹೇಳ್ತಾರೇನು ಅಂದು ಶಾವಂತ್ರೆವ್ವ ಆ ಮೂರು ಗಂಡಸರನ್ನ ರಾಕ್ಷಸನ ಮನಿಯೊಳಗ ಕಳಿಸಿ, ಬಾಗಿಲಾ ತಡದು ನಿಂತಳಂತ. ತಾನು ಮದುವ್ಯಾಗಿ ಬಂದ ದಿನ ಅತ್ತಿ ತಡದಿದ್ದಳಲ್ಲ, ಹಂಗ. ಗಂಡನ ಹೆಸರು ಹಾಡಿನಾಗ ಕೂಡಿಸಿ ಒಡಪು ಹೇಳ್ರಿ, ಇಲ್ಲಂದ್ರ ಒಳಗ ಬಿಡಾಂಗಿಲ್ಲ ಅಂದಳು.

ಮೊದಲನೇಕಿ ನಕ್ಕು ಅಂದಳಂತ:
ಗ್ವಾಡಿ ಏರೋ ಇರುವಿ ಬಿದ್ದರೂ ಬಿಡವಲ್ದು ಛಲ,
ಪರ್ಸಿವಿಯರೆನ್ಸ್ ರಾಯರ ಕೈ ಹಿಡದ್ರ ಸಿಕ್ಕೇ ಸಿಗತದ ಫಲ.

ಎರಡನೇಕಿ ಅಂದಳಂತ:
ಕಲ್ಲು ಒಗದವರಿಗೂ ಹಣ್ಣು ಕೊಡತದ ಮಾವು,
ಮ್ಯಾಗ್ನಾನಿಮಿಟಿ ರಾಯರ ಎದಿಯಾಗ ಸಿಟ್ಟಿಗಿಲ್ಲ ತಾವು.

ಇನ್ನ ಉಳಿದದ್ದು ತಾನ ಹೊಂದತದ ಅಂತೀಯಲ್ಲ? ನೋಡಿದ್ರ ಶಬ್ದ ಒಂದು, ಹೆಂಗಸರು ಇಬ್ಬರು! ರಾಕ್ಷಸನ ತಂಗಿಗೆ ಎಲ್ಲೂ ಗಂಡು ಸಿಕ್ಕಿರಲಿಲ್ಲ, ಸೀರಿ ಉಟಗೊಂಡು ನಡುವ ನಿಂತಿದ್ದಳಂತ. ಶಾವಂತ್ರೆವ್ವ ಕೇಳೂದೇ ತಡ, ನನ್ನ ಗಂಡ ಗ್ರ್ಯಾಟಿಟ್ಯೂಡ್, ಗ್ರ್ಯಾಟಿಟ್ಯೂಡ್, ಬಿಡು ದಾರಿ ಅಂತ ಚೀರಿದಳು. ಇನ್ನೊಬ್ಬಾಕಿ ಕಣ್ಣೀರು ಒರಸಿಕೊಂಡು ಸಣ್ಣ ದನಿಲೆ ಅಂದಳು:
ಉಂಡ ಅನ್ನ ಮರೆಯೂದಿಲ್ಲ, ಮರೆಯೂದಿಲ್ಲ ಋಣ,
ಗ್ರ್ಯಾಟಿಟ್ಯೂಡ್ ರಾಯರದು ಚಿನ್ನದಂಥ ಗುಣ.

ಬರೀ ಹೆಸರು ಚೀರಿದಾಕಿ ಅಲ್ಲ, ನಾಚಿ ಒಡಪಿನಾಗ ಹೇಳಿದಾಕೀನ ಹೆಂಡತಿ ಅಂತ ಶಾವಂತ್ರೆವ್ವ ಆಕಿ ಕೈ ಹಿಡದು ಒಳಗ ಬಿಟ್ಟಳಂತ. ರಾಕ್ಷಸನ ಹೊಟ್ಟಿ ತಣ್ಣಗಾತು, ಕಂಬ ಕೆಮ್ಮಿ ಚನಮಲ್ಲ ಆತು.

ಸೊಪ್ಪು ತಗೊಂಡು ಮನಿಗೆ ಬಂದು ಶಾವಂತ್ರೆವ್ವ ಅತ್ತಿ ಕಾಲಿಗೆ ಬಿದ್ದಳಂತ. ಅತ್ತೀ, ಅವತ್ತ ನೀವು ಬಾಗಿಲಾ ತಡೀಲಿಲ್ಲಂದ್ರ ಇವತ್ತ ನನ್ನ ಗಂಡ ಇರತಿರಲಿಲ್ಲ.

ಅತ್ತಿ ಆಕಿ ತಲಿ ಸವರಿ ಅಂದಳಂತ: ಅವತ್ತ ಅತ್ತು ಅತ್ತು ನನ್ನ ಎಷ್ಟು ಬೈದಿದ್ದೆವಾ! ಏಳು, ಕಣ್ಣಿಗೆ ಸೊಪ್ಪಿನ ರಸ ಬಿಡು, ನಿಮ್ಮಿಬ್ಬರ ಮಾರಿ ನೋಡಬೇಕು.

ಎಲ್ಲಾರೂ ಉಂಡು ಮಲಗಿದ್ರು, ಕತಿನೂ ಮಲಗ್ತು. ಖರೇ ಹೇಳ್ಲೇನು ಪಮ್ಮಿ? ಇಬ್ಬರು ಹೆಂಗಸರು ಉಳಿದ್ರು ಅನ್ನೂದರಾಗ ಆಯಿ ಗೊರಕಿ ಹೊಡದ್ಲು. ಅಲ್ಲಿಂದ ಮುಂದಿಂದು ನಾ ಕಟ್ಟಿದ್ದು. ಚನಮಲ್ಲನ್ನ ಕಂಬ ಮಾಡಿ ಬಿಟ್ಟು ಹೆಂಗ ಮಲಗಲಿ, ಹೇಳು?