ಹಾಯಿಕಂಬದ ಹಗ್ಗ

"ಅಜ್ಜ, ಒಬ್ಬ ಕೆಲಸದವನಿದ್ದಾನೆ. ನಾನು ಏನು ಕೇಳಿದರೂ ಮೊದಲು ನನ್ನ ಪ್ರಶ್ನೆಯನ್ನೇ ನನಗೆ ತಿರುಗಿ ಒಪ್ಪಿಸುತ್ತಾನೆ, ಆಮೇಲೆ ಉತ್ತರ ಹೇಳುತ್ತಾನೆ. ಆ ಒಪ್ಪಿಸುವುದನ್ನು ಬಿಡಿಸಿಬಿಟ್ಟರೆ ಏನಾಗುತ್ತದೆ?"

ಸುಗಂಧಿ ಹೀಗೆ ಕೇಳಿದಳು. ನನ್ನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವುದನ್ನು ಕಲಿತವಳು. ಈಗ ನನಗೆ ಹೆಸರೂ ತಿಳಿಯದ ಯಂತ್ರಗಳಿಗೆ ಬುದ್ಧಿ ಬರೆದು ಕೊಡುತ್ತಾಳೆ. ಆದರೂ ದಾರಿ ಕಾಣದಾಗ ನನ್ನ ಹತ್ತಿರವೇ ಬರುತ್ತಾಳೆ. ಬರಬೇಕಾದದ್ದೇ.

ನಾನು ಹೇಳಿದೆ: ಈ ಪ್ರಶ್ನೆಗೆ ಉತ್ತರ ಬಲ್ಲವರು ಇಡೀ ಕರಾವಳಿಯಲ್ಲಿ ಒಂಬತ್ತು ಜನ ಇದ್ದರು. ಒಂಬತ್ತೂ ಜನ ಒಂದೇ ಮಚ್ವೆಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿದೋಣಿಯಲ್ಲಿ, ಇದ್ದವರು. ಎಂಟು ಜನ ತೀರಿಕೊಂಡರು. ಉಳಿದವನು ನಾನು. ಆ ಮಚ್ವೆಯ ಹಾಯಿಕಂಬ ಮೂರು ತೆಂಗಿನ ಮರದಷ್ಟು ಎತ್ತರ. ಅದರ ತುದಿಯಲ್ಲಿ ಕೂರುತ್ತಿದ್ದವನು ನಾನೇ. ಅಲ್ಲಿಂದ ಒಂದು ಸಲ ಮುಂಬಯಿಯ ದೀಪ ನೋಡಿದ್ದೇನೆ.

"ಹೋದ ವರ್ಷ ಅದು ಗೋವೆಯ ದೀಪವಾಗಿತ್ತು" ಎಂದಳು ಸುಗಂಧಿ.

ಒಂದು ವರ್ಷದಲ್ಲಿ ನನ್ನ ಕಣ್ಣು ಚುರುಕಾಗಿದೆ ಎಂದು ಹೇಳಿ, ಅವಳು ತಂದಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಿಸಿದೆ. ನಿನ್ನ ಕೆಲಸದವನು ಇದರೊಳಗೆ ಎಲ್ಲಿದ್ದಾನೆ, ತೋರಿಸು ಎಂದೆ.

ಅವಳು ವಿವರಿಸಿದಳು. ಯಂತ್ರದೊಳಗೆ ಕರ್ನಲ್ ಎಂಬ ಮೂಲ ತಂತ್ರಾಂಶವೇ ಯಜಮಾನ. ಯಾರು ಯಾವಾಗ ಏನು ಮಾಡಬೇಕು ಎಂದು ಹೇಳುವವನು ಅವನೇ. ಆದರೆ ಅವನಿಗೆ ಹೊರಗೆ ಗಾಳಿಯಲ್ಲಿ ಯಾವ ಸಂಕೇತ ಬರುತ್ತಿದೆ ಎಂದು ಕಾಣುವುದಿಲ್ಲ. ಅದು ಕಾಣುವುದು ವೈರ್‌ಲೆಸ್ ಚಿಪ್ಪಿಗೆ. ಆ ಚಿಪ್ಪಿನೊಳಗೆ ಅದರದೇ ಒಂದು ಸಣ್ಣ ತಂತ್ರಾಂಶ ಕೂತಿದೆ. ಯಜಮಾನ ಕೇಳುತ್ತಾನೆ, ಅದು ಹೇಳುತ್ತದೆ; ಅದೇ ಅವಳ ಕೆಲಸದವನು. ಪ್ರತಿ ಪ್ರಶ್ನೆಗೂ ಒಂದು ನಂಬರು. ಉತ್ತರದ ತಲೆಯ ಮೇಲೆ ಅದೇ ನಂಬರು ಇರಬೇಕು. ಅದೇ ನಂಬರಿನ ಉತ್ತರ ಬರುವವರೆಗೆ ಯಜಮಾನ ಕಾಯುತ್ತಾನೆ, ಪರದೆ ಎರಡು ಉಸಿರಿನಷ್ಟು ಹೊತ್ತು ಸ್ತಬ್ಧವಾಗುತ್ತದೆ.

ಮಳೆಗಾಲದ ರಜೆ ಮುಗಿದು ನಾಡಿದ್ದು ದೋಣಿಗಳು ಸಮುದ್ರಕ್ಕೆ ಇಳಿಯುವುದಿದ್ದವು. ಈ ಪೆಟ್ಟಿಗೆ ಮೊದಲು ಹೋಗುವುದು ಅವಳ ಅಪ್ಪನ ದೋಣಿಗೆ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದ್ದರೆ ದಡದಿಂದ ಬರುವ ಹವಾಮಾನದ ಎಚ್ಚರಿಕೆ ತನಗೆ ತಲುಪುತ್ತದೆ ಎಂದು ನಂಬಿ ಅವನು ಇನ್ನೂ ಮುಂದೆ ಹೋಗುತ್ತಾನೆ. ಆದರೆ ಪರದೆ ಹೀಗೆ ತಡೆತಡೆದು ನಿಂತರೆ ಅದನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದನಂತೆ. ಅದಕ್ಕೆ ಅವಳು ಒಂದು ಉಪಾಯ ಹುಡುಕಿದ್ದಳು. ನಂಬರು ತೆಗೆದುಹಾಕುವುದು. ಪ್ರಶ್ನೆ ಕೇಳಿದ ಮೇಲೆ ಚಿಪ್ಪಿನಿಂದ ಮೊದಲು ಯಾವ ಮಾತು ಬರುತ್ತದೋ ಅದನ್ನೇ ಉತ್ತರ ಎಂದು ಹಿಡಿಯುವುದು. ಸಂಜೆಯೊಳಗೆ ಮುಗಿಯುತ್ತದೆ ಎಂದಳು.

"ನೀನು ಕೇಳದೆ ಇದ್ದಾಗಲೂ ಆ ಚಿಪ್ಪು ಮಾತಾಡುತ್ತದೆಯೇ?" ಎಂದು ಕೇಳಿದೆ.

ಬೇಕಾದಷ್ಟು ಮಾತಾಡುತ್ತದೆ ಎಂದಳು. ಹೊಸ ಸಿಗ್ನಲ್ ಗೋಪುರ ಸಿಕ್ಕಿತು, ಇದ್ದದ್ದು ಮಸುಕಾಯಿತು, ಹೀಗೆ ಏನಾದರೂ ಒಂದು.

ಹಾಗಾದರೆ ಕೂತುಕೊಂಡು ಕೇಳು ಎಂದೆ. ನಾನು ಶಾಲೆಗೆ ಹೋದವನಲ್ಲ, ನಿನ್ನ ಯಜಮಾನನ ಮುಖ ನೋಡಿದವನಲ್ಲ. ಆದರೆ ಅವನ ಅಜ್ಜನನ್ನು ಬಲ್ಲೆ. ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ಆದ್ದರಿಂದ ಕತೆಯಲ್ಲಿ ಕಂಬದ ಮೇಲಿದ್ದವನನ್ನು ಬರಿಯ ಕಂಬದವನು ಎನ್ನುತ್ತೇನೆ.

ಒಬ್ಬ ತಾಂಡೇಲ ಇದ್ದ. ಹೆಂಚು ಸಾಗಿಸುವ ಹಾಯಿ ಮಚ್ವೆಯನ್ನು ನಡೆಸುವವನು. ಅವನು ಹಿಂದುಗಡೆ ಚುಕ್ಕಾಣಿ ಹಿಡಿದು ಕೂರುತ್ತಿದ್ದ. ಎದುರಿಗೆ ದೊಡ್ಡ ಹಾಯಿ. ಹಾಯಿ ಬಿಟ್ಟರೆ ಅವನಿಗೆ ಮುಂದಿನದು ಏನೂ ಕಾಣುತ್ತಿರಲಿಲ್ಲ.

ಕಂಬದವನಿಗೆ ಎಲ್ಲವೂ ಕಾಣುತ್ತಿತ್ತು. ಆದರೆ ಮಚ್ವೆ ಎಲ್ಲಿಗೆ ಹೋಗಬೇಕು, ಯಾವಾಗ ತಿರುಗಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದು ಅವನ ಕೆಲಸವೂ ಅಲ್ಲ.

ಕೂಗಿ ಹೇಳಲು ಗಾಳಿ ಬಿಡುತ್ತಿರಲಿಲ್ಲ. ಒಂದು ದಿನ ಕಂಬದವನು ಮೇಲಿನಿಂದ ಕೂಗಿದ ಮಾತು ಮಾರನೆಯ ದಿನ ಮೀನು ಪೇಟೆಯಲ್ಲಿ ಕೇಳಿಸಿತಂತೆ. ಇದನ್ನು ಕೇಳಿದವರೂ ಈಗ ಯಾರೂ ಇಲ್ಲ.

ಆದ್ದರಿಂದ ಇಬ್ಬರ ನಡುವೆ ಒಂದು ಹಗ್ಗ. ಹಗ್ಗದ ಎರಡೂ ತುದಿಗೆ ಒಂದೊಂದು ಗಂಟೆ. ತಾಂಡೇಲ ಮೂರು ಸಲ ಎಳೆದರೆ, ಅಳಿವೆಯಲ್ಲಿ ನೀರಿದೆಯೇ ಎಂದು ಕೇಳಿದ ಹಾಗೆ. ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಬಾಯಿ. ಅಲ್ಲಿ ನೀರಿನ ಕೆಳಗೆ ಮರಳ ದಿಬ್ಬ. ಇಂದು ಇದ್ದ ಜಾಗದಲ್ಲಿ ಅದು ನಾಳೆ ಇರುವುದಿಲ್ಲ.

ಉತ್ತರ ಒಂದು ಎಳೆತವಾದರೆ ಹೌದು, ಎರಡಾದರೆ ಇಲ್ಲ. ಆದರೆ ಕಂಬದವನು ಉತ್ತರಕ್ಕೆ ಮೊದಲು ಪ್ರಶ್ನೆಯನ್ನೇ ತಿರುಗಿ ಎಳೆಯಬೇಕು. ಮೂರು ಎಳೆದು, ಒಂದು ಉಸಿರು ತಡೆದು, ಆಮೇಲೆ ಒಂದೋ ಎರಡೋ. ಯಾರೂ ಕೇಳದೆ ತಾನಾಗಿ ಹೇಳುವ ಸುದ್ದಿಗೆ ಮೊದಲು ಬೇರೆ ಎಳೆತ ಏನೂ ಇಲ್ಲ. ಬರಿಯ ಒಂದು ಎಳೆತ ಎಂದರೆ ಎದುರಿಗೆ ದೋಣಿ ಬರುತ್ತಿದೆ. ಬರಿಯ ಎರಡು ಎಂದರೆ ಗಾಳಿ ತಿರುಗುತ್ತಿದೆ. ಈ ಪದ್ಧತಿಯನ್ನು ಮಾಡಿದ್ದು ತಾಂಡೇಲನ ತಂದೆ.

ತಾಂಡೇಲನಿಗೆ ಇದು ಬೇಸರ. ಒಂದು ದಿನ ಗಂಜಿ ಉಣ್ಣುವಾಗ ಅವನು ಕಂಬದವನಿಗೆ ಹೇಳಿದ: "ನಾನು ಕೇಳಿದ್ದು ನನಗೆ ಗೊತ್ತಿಲ್ಲವೇನೋ? ಅದನ್ನೇ ನನಗೆ ತಿರುಗಿ ಯಾಕೆ ಬಡಿಸುತ್ತೀ?"

ಕಂಬದವನು ಹೇಳಿದ: "ನೀವು ಕೇಳಿದ್ದು ನಿಮಗೆ ಗೊತ್ತು, ತಾಂಡೇಲರೇ. ನಾನು ಯಾವುದಕ್ಕೆ ಹೇಳುತ್ತಿದ್ದೇನೆ ಅನ್ನುವುದು ನಿಮಗೆ ಗೊತ್ತಾಗಬೇಡವೇ?"

ತಾಂಡೇಲ ಕೇಳಲಿಲ್ಲ. ತಿರುಗಿ ಎಳೆಯುವುದು ಅಂದಿನಿಂದ ನಿಂತಿತು. ಮಚ್ವೆ ಚುರುಕಾಯಿತು. ಮೂರು ತಿಂಗಳು ಏನೂ ಆಗಲಿಲ್ಲ. ತಾಂಡೇಲ ಬಂದರಿನಲ್ಲಿ ಎಲ್ಲರೆದುರು ತನ್ನ ಜಾಣತನ ಹೇಳಿಕೊಂಡ. ಬೇರೆ ಇಬ್ಬರು ತಾಂಡೇಲರೂ ಹಾಗೆಯೇ ಮಾಡಿದರು.

ನಾಲ್ಕನೆಯ ತಿಂಗಳು, ಒಂದು ಮಧ್ಯಾಹ್ನ, ಮಚ್ವೆ ಊರಿನ ಅಳಿವೆಗೆ ಬಂತು. ತಾಂಡೇಲ ಮೂರು ಸಲ ಎಳೆದ. ನೀರಿದೆಯೇ?

ಅಳಿವೆಯನ್ನು ನೋಡಿದ ಕೂಡಲೇ ಹೇಳಲಾಗುವುದಿಲ್ಲ. ಏಳು ಅಲೆ ಎಣಿಸಬೇಕು. ಏಳನೆಯದು ಹಿಂದೆ ಸರಿಯುವಾಗ ತಳದ ಬಣ್ಣ ಕಾಣುತ್ತದೆ. ನೀಲಿಯಾದರೆ ನೀರು, ಹಳದಿಯಾದರೆ ಮರಳು. ಕಂಬದವನು ಎಣಿಸತೊಡಗಿದ.

ನಾಲ್ಕನೆಯ ಅಲೆಯಲ್ಲಿ ಒಂದು ಸಣ್ಣ ದೋಣಿ ಎದುರಿಗೆ ಬಂತು. ದೋಣಿ ಕಂಡರೆ ಹೇಳಬೇಕು. ಕಂಬದವನು ಒಂದು ಸಲ ಎಳೆದ.

ಕೆಳಗೆ ಗಂಟೆ ಒಂದು ಸಲ ಹೊಡೆಯಿತು. ಹೌದು, ನೀರಿದೆ ಎಂದುಕೊಂಡ ತಾಂಡೇಲ. ಅಳಿವೆಯ ಕಡೆಗೆ ಚುಕ್ಕಾಣಿ ತಿರುಗಿಸಿದ.

ಏಳನೆಯ ಅಲೆ ಸರಿಯಿತು. ತಳ ಹಳದಿ. ಕಂಬದವನು ಎರಡು ಸಲ ಎಳೆದ. ಇಲ್ಲ.

ಕೆಳಗೆ ಗಂಟೆ ಎರಡು ಸಲ ಹೊಡೆಯಿತು. ತಾಂಡೇಲನಿಗೆ ಉತ್ತರ ಆಗಲೇ ಬಂದಾಗಿತ್ತು. ಆದ್ದರಿಂದ ಇದು ಸುದ್ದಿ. ಗಾಳಿ ತಿರುಗುತ್ತಿದೆ ಎಂದುಕೊಂಡ. ತಿರುಗದ ಗಾಳಿಗೆ ಹಾಯಿ ತಿರುಗಿಸಿ ಕಟ್ಟಿಸಿದ. ಮಚ್ವೆ ಅಲೆಗೆ ಅಡ್ಡವಾಯಿತು.

ಕಂಬದವನು ಮತ್ತೆ ಎರಡು ಎಳೆದ. ಮತ್ತೆ ಎರಡು. ಎಳೆಯುತ್ತಲೇ ಇದ್ದ. ಗೊತ್ತಾಯಿತು ಮಾರಾಯ, ಗಾಳಿ ತಿರುಗಿದೆ, ಎಷ್ಟು ಸಲ ಹೇಳುತ್ತೀ ಎಂದು ತಾಂಡೇಲ ಕೆಳಗೆ ಗೊಣಗುತ್ತಿದ್ದನಂತೆ. ಆ ಗೊಣಗು ಮುಗಿಯುವ ಮೊದಲು ಮಚ್ವೆ ದಿಬ್ಬಕ್ಕೆ ಬಡಿಯಿತು.

ಕೆಳಗಿದ್ದವರು ಮರಳಿನ ಮೇಲೆ ಹಾರಿಕೊಂಡರು. ತಾಂಡೇಲನೂ ಉಳಿದ. ಕಂಬ ಮುರಿಯಿತು. ಬೀಳದಿರಲಿ ಎಂದು ಕಂಬದವನು ತನ್ನ ಸೊಂಟವನ್ನು ಕಂಬಕ್ಕೆ ಕಟ್ಟಿಕೊಂಡಿರುತ್ತಿದ್ದ. ಕಂಬ ಹೋದ ಕಡೆಗೆ ಅವನೂ ಹೋದ. ಮೂರನೆಯ ದಿನ ಕಂಬ ದಡಕ್ಕೆ ಬಂತು, ಗಂಟೆಯ ಹಗ್ಗ ಅದರ ಸುತ್ತಲೇ ಇತ್ತು. ಅವನು ಬರಲಿಲ್ಲ.

ಕಂಬದವನು ಒಂದೂ ಸುಳ್ಳು ಹೇಳಲಿಲ್ಲ. ತಾಂಡೇಲನ ಕಿವಿಗೆ ಒಂದೂ ಎಳೆತ ತಪ್ಪಲಿಲ್ಲ. ಹಗ್ಗವೂ ಕಡಿಯಲಿಲ್ಲ. ತಾಂಡೇಲ ಬದುಕಿರುವವರೆಗೆ ಪ್ರತಿ ವರ್ಷ ಆ ದಿನ ಅಳಿವೆಗೆ ಬಂದು, ಅವನ ಹೆಸರು ಹೇಳಿ ಒಂದು ತೆಂಗಿನಕಾಯಿ ನೀರಿಗೆ ಬಿಡುತ್ತಿದ್ದ. ಬಿಡುವ ಮೊದಲು ಆ ಕಾಯಿಯನ್ನು ಮೂರು ಸಲ ತಟ್ಟುತ್ತಿದ್ದ. ಮೂರು ತಟ್ಟಿ, ಒಂದು ಉಸಿರು ತಡೆಯುತ್ತಿದ್ದ.

ಕತೆ ಮುಗಿಯಿತು.

ಸುಗಂಧಿ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕರ್ನಲ್ ಕೇಳುತ್ತಾನೆ, ದಡ ಸಿಗುತ್ತಿದೆಯೇ ಎಂದು. ಚಿಪ್ಪು ಇನ್ನೂ ಹುಡುಕುತ್ತಿರುತ್ತದೆ. ಅಷ್ಟರಲ್ಲಿ ಬೇರೆ ಯಾವುದೋ ದೋಣಿಯ ಪೆಟ್ಟಿಗೆ ಹತ್ತಿರ ಬಂದು, ಒಂದು ಸಿಕ್ಕಿತು ಎಂದು ಚಿಪ್ಪು ಸುದ್ದಿ ಹೇಳುತ್ತದೆ. ದಡ ಸಿಗದೆಯೇ ದೀಪ ಹಸಿರಾಗುತ್ತದೆ. ಇದನ್ನೆಲ್ಲ ಅವಳು ತನಗೆ ತಾನೇ ಮೆಲ್ಲಗೆ ಹೇಳಿಕೊಂಡಳು. ಆಮೇಲೆ, ನಂಬರು ಇದ್ದಲ್ಲೇ ಇರಲಿ, ಕಾಯುವ ಹೊತ್ತಿನಲ್ಲಿ ಪರದೆಯ ಮೇಲೆ 'ಹುಡುಕುತ್ತಿದ್ದೇನೆ' ಎಂದು ಬರೆದು ತೋರಿಸುತ್ತೇನೆ, ಎರಡು ಉಸಿರು ಕಾಯುವುದನ್ನು ಅಪ್ಪನಿಗೆ ನಾನೇ ಕಲಿಸುತ್ತೇನೆ ಎಂದಳು. ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದಳು.

ಬಾಗಿಲವರೆಗೆ ಹೋದವಳು ನಿಂತಳು. ಅವಳ ಮುಖದಲ್ಲಿ ಆ ಹಳೆಯ ತುಂಟತನ ಬಂದದ್ದು ನನಗೆ ಕಾಣಿಸಿತು.

"ಅಜ್ಜ, ಕಂಬದ ತುದಿಯಲ್ಲಿ ಇದ್ದವರು ನೀವೇ ಎಂದಿರಿ. ಕಂಬದವನು ಕಂಬದ ಜೊತೆಗೇ ಹೋದ, ಮತ್ತೆ ಬರಲಿಲ್ಲ ಎಂದೂ ನೀವೇ ಹೇಳಿದಿರಿ. ಹಾಗಾದರೆ ಆ ತಾಂಡೇಲರು ವರ್ಷ ವರ್ಷ ತೆಂಗಿನಕಾಯಿ ಬಿಡುತ್ತಿದ್ದದ್ದು ನಿಮ್ಮ ಹೆಸರಿಗೋ?"

ನಾನು ಹೆಗಲು ಕುಣಿಸಿದೆ.

"ಕಂಬದ ಮೇಲೆ ನಾನಿದ್ದೆ ಅನ್ನುವುದು ನೀನು ಕೇಳಿದ್ದಕ್ಕೆ ಉತ್ತರವಲ್ಲ ಸುಗಂಧಿ, ನಾನಾಗಿ ಹೇಳಿದ ಸುದ್ದಿ."