ಯಾರೂ ತೆರೆಯದ ಮೂರು ಮುಚ್ಚಳಗಳು

"ಗುರುಗಳೇ, ನನ್ನ ಕೋಪದ ಮೇಲೆ ಕಣ್ಣಿಟ್ಟಿದ್ದೇನೆ, ಆಸೆಯ ಮೇಲೆಯೂ ಇಟ್ಟಿದ್ದೇನೆ. ಇನ್ನು ಯಾವುದನ್ನು ಕಾಯಲಿ?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬಳು ಎಂಜಿನಿಯರ್ ಇದ್ದಳು. ಹಸುಗೂಸುಗಳ ಆಸ್ಪತ್ರೆಗೆ ವಿದ್ಯುತ್ ಒಯ್ಯುವ ನೆಲದಡಿಯ ಕೇಬಲ್ ಅವಳ ಹೊಣೆಯಾಗಿತ್ತು. ಆ ಕೇಬಲ್ಲಿನ ತುಂಡುಗಳನ್ನು ಕೂಡಿಸಿ ಹನ್ನೆರಡು ಕಡೆ ಜಾಯಿಂಟ್ ಹಾಕಲಾಗಿತ್ತು. ಒಂದೊಂದು ಜಾಯಿಂಟೂ ರಸ್ತೆಯ ಕೆಳಗೆ, ಮುಚ್ಚಳ ಹಾಕಿದ ಗುಂಡಿಯೊಳಗಿತ್ತು. ಜಾಯಿಂಟ್ ಒಳಗೊಳಗೇ ಬಿಸಿಯಾಗುತ್ತ ಬಂದರೆ ಒಂದು ದಿನ ಸುಟ್ಟುಹೋಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ತಣ್ಣಗಾಗುತ್ತವೆ. ಕೇಬಲ್ಲಿನ ಉದ್ದಕ್ಕೂ ಬಿಸಿ ಅಳೆಯುವ ದೊಡ್ಡ ಯಂತ್ರವನ್ನು ಕೊಳ್ಳುವ ಶಕ್ತಿ ಅವಳ ಕಚೇರಿಗೆ ಇರಲಿಲ್ಲ. ಅವಳು ತಾನೇ ಕುಳಿತು, ಅಗ್ಗದ ಬಿಡಿಭಾಗಗಳಿಂದ ಹುಣಸೆಬೀಜದಷ್ಟು ಗಾತ್ರದ ತಾಪಮಾಪಕಗಳನ್ನು ಮಾಡಿದಳು. ಸಿಕ್ಕ ಸಾಮಾನಿಗೆ ಮೂರೇ ಆದವು.

ಹನ್ನೆರಡರಲ್ಲಿ ಯಾವ ಮೂರಕ್ಕೆ ಕಟ್ಟುವುದು? ಜಾಯಿಂಟ್ ಹಾಕುವುದರಲ್ಲಿ ಹೆಸರಾದ ಮುದುಕನೊಬ್ಬನನ್ನು ಕರೆಸಿದಳು. ಅವನ ಕೈಯ ಕೆಲಸ ಕೆಟ್ಟದ್ದನ್ನು ಕಂಡವರಿರಲಿಲ್ಲ. ಅವನು ರಸ್ತೆಯುದ್ದಕ್ಕೂ ನಡೆದು ಮೂರು ಗುಂಡಿಗಳ ಮುಚ್ಚಳದ ಮೇಲೆ ಸುಣ್ಣದ ಗುರುತು ಹಾಕಿದ.

"ಅಜ್ಜಾ, ಈ ಮೂರೂ ನಿಮ್ಮವೇ ಅಲ್ಲವೇ? ಇವುಗಳ ಮೇಲೆ ಯಾರಿಗೆ ಅನುಮಾನ?"

"ಯಾರಿಗೂ ಇಲ್ಲ ತಾಯಿ, ಅದೇ ಕಷ್ಟ. ಉಳಿದ ಒಂಬತ್ತನ್ನು ಪ್ರತಿ ಬೇಸಿಗೆ ತೆರೆದು ಪರೀಕ್ಷೆ ಮಾಡ್ತೀರಿ. ನನ್ನವು ಅಂದ ಕೂಡಲೇ ದಾಟಿ ಹೋಗ್ತೀರಿ. ಇವುಗಳ ಮುಚ್ಚಳ ತೆಗೆದು ಹದಿನಾಲ್ಕು ವರ್ಷ ಆಯ್ತು. ಈಗ ಹಾರೆ ತರಿಸಿ. ತುಕ್ಕಿಗೆ ನನ್ನ ಹೆಸರು ಗೊತ್ತಿಲ್ಲ."

ಹಾರೆ ಹಾಕಿ ಮುಚ್ಚಳ ಎಬ್ಬಿಸಿದರು. ಮೇಲುನೋಟಕ್ಕೆ ಮೂರೂ ಚೆನ್ನಾಗಿದ್ದವು. ಮೂರಕ್ಕೂ ಮಾಪಕ ಕಟ್ಟಿದರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ನಡುವಿನ ಮಾಪಕದ ಅಂಕೆ ಏರತೊಡಗಿತು, ಉಳಿದೆರಡು ಏರಲಿಲ್ಲ. ಅವಳು ಆಸ್ಪತ್ರೆಗೆ ಬೇರೊಂದು ಮಾರ್ಗದಿಂದ ವಿದ್ಯುತ್ ಹರಿಸಿ ಆ ಕೇಬಲ್ಲನ್ನು ನಿಲ್ಲಿಸಿದಳು. ಮುದುಕ ಗುಂಡಿಗಿಳಿದು ಜಾಯಿಂಟ್ ಬಿಚ್ಚಿದ. ಒಳಪದರ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೂ ಸುಟ್ಟಿರಲಿಲ್ಲ.

"ನನ್ನ ಕೈಯ ಕೆಲಸವೇ" ಎಂದ. ಹೊಸದಾಗಿ ಕೂಡಿಸಲು ಕುಳಿತ.

ಅವಳು ಆಸ್ಪತ್ರೆಯ ಕಿಟಕಿಗಳತ್ತ ನೋಡಿದಳು. ಅಲ್ಲಿ ಕೂಸುಗಳು ಏನೊಂದೂ ಅರಿಯದೆ ಬೆಚ್ಚಗೆ ಮಲಗಿದ್ದವು. ಮುದುಕನ ಕಾಲು ಮುಟ್ಟಬೇಕೆನ್ನಿಸಿತು, ಅವನು ಗುಂಡಿಯೊಳಗಿದ್ದ. ನಿಂತಲ್ಲಿಂದಲೇ ಕೈ ಮುಗಿದಳು.

ಗುರುಗಳು ಕತೆ ನಿಲ್ಲಿಸಿದರು.

"ನಾನು ಕೇಳಿದ್ದಕ್ಕೆ ಉತ್ತರ, ಗುರುಗಳೇ?" ಎಂದ ಶಿಷ್ಯ.

"ಜನ ನಿನ್ನನ್ನು ಯಾವುದಕ್ಕೆ ಹೊಗಳುತ್ತಾರೆ, ಹೇಳು."